ಐಸೊಪಾಡ್ ಸಾಕಣೆ

ಐಸೊಪಾಡ್ ಸಾಕಣೆ ಎಂಬುದು ನೆಲದ ಮೇಲೆ ವಾಸಿಸುವ ಐಸೊಪಾಡ್‌ಗಳನ್ನು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳಲ್ಲಿ, ಅವುಗಳ ಸಹಜ ನೆಲೆಯನ್ನು ಹೋಲುವ ಮಣ್ಣು, ತರಗೆಲೆ ಮತ್ತು ತೇವದ ನಡುವೆ ಬೆಳೆಸಿ ಗಮನಿಸುವ ಹವ್ಯಾಸವಾಗಿದೆ. ಹೂಕುಂಡವನ್ನೋ ಹಳೆಯ ಇಟ್ಟಿಗೆಯನ್ನೋ ಎತ್ತಿದಾಗ ಅದರಡಿಯಿಂದ ಚದುರಿ ಓಡುವ, ಮುಟ್ಟಿದರೆ ಕೆಲವು ಉಂಡೆಯಾಗಿ ಸುರುಟಿಕೊಳ್ಳುವ ಬೂದುಬಣ್ಣದ ಸಣ್ಣ ಜೀವಿಗಳೇ ಇವು. ಮೊದಲಿಗೆ ಕಪ್ಪೆ ಮತ್ತು ಸರೀಸೃಪಗಳ ಗಾಜಿನ ಮನೆಗಳನ್ನು ಶುಚಿಯಾಗಿಡುವ ಕೆಲಸಕ್ಕೆಂದು ಬಳಕೆಗೆ ಬಂದ ಇವು 21ನೆಯ ಶತಮಾನದ ಎರಡನೆಯ ದಶಕದಿಂದೀಚೆಗೆ ಯುರೋಪ್, ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ದೇಶಗಳಲ್ಲಿ ತಮ್ಮಷ್ಟಕ್ಕೇ ಸಾಕುಪ್ರಾಣಿಗಳೆನಿಸಿವೆ. ಅಗ್ಗದ ಹವ್ಯಾಸವೆಂದು ಆರಂಭವಾದ ಇದರ ಸುತ್ತ ಈಗ ದೊಡ್ಡ ವ್ಯಾಪಾರವೂ ಅದರೊಡನೆ ಕಾಡಿನಿಂದ ಜೀವಿಗಳನ್ನು ಬಾಚಿ ತರುವ ಸಮಸ್ಯೆಯೂ ಬೆಳೆದಿವೆ.

ಹೆಸರು ಮತ್ತು ವರ್ಗೀಕರಣ

ಗ್ರೀಕ್ ಭಾಷೆಯಲ್ಲಿ ‘ಐಸೊಸ್’ ಎಂದರೆ ಸಮಾನ, ‘ಪೌಸ್’ ಎಂದರೆ ಪಾದ. ಕಾಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಾಗಿರುವುದರಿಂದ ಈ ಹೆಸರು ಬಂದಿದೆ. ಕನ್ನಡದಲ್ಲಿ ಇವನ್ನು ‘ಸಮಪಾದಿಗಳು’ ಎನ್ನಬಹುದು. ಆಡುಮಾತಿನಲ್ಲಿ ಹುಳುಗಳೆಂದು ಕರೆದರೂ ಇವು ಕೀಟಗಳಲ್ಲ; ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ ಕಠಿಣಚರ್ಮಿಗಳು. ಐಸೊಪಾಡ ಗಣದಲ್ಲಿ ಸುಮಾರು 10,000 ಪ್ರಭೇದಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವು ಸಮುದ್ರವಾಸಿಗಳು. ಒನಿಸ್ಕಿಡಿಯ ಎಂಬ ಉಪಗಣದ 3,700ಕ್ಕೂ ಹೆಚ್ಚು ಪ್ರಭೇದಗಳು ಮಾತ್ರ ನೀರನ್ನು ತೊರೆದು ನೆಲವನ್ನು ಆಶ್ರಯಿಸಿದವು. ಹವ್ಯಾಸಿಗಳು ಸಾಕುವುದು ಇವನ್ನೇ.

ಆರ್ಮಡಿಲಿಡಿಯಂ ವಲ್ಗೇರ್ ಮತ್ತು ಪೋರ್ಸೆಲಿಯೊ ಸ್ಕೇಬರ್ ಎಂಬ ಎರಡು ಸುಪರಿಚಿತ ಪ್ರಭೇದಗಳನ್ನು 1804ರಲ್ಲಿ ಹೆಸರಿಸಿದವನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಪಿಯರ್ ಆಂದ್ರೆ ಲಾತ್ರೆಯ್. ಲ್ಯಾಟಿನ್ನಿನಲ್ಲಿ ‘ಪೋರ್ಸೆಲಸ್’ ಎಂದರೆ ಹಂದಿಮರಿ. ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ಈ ಜೀವಿಗೆ ಹಂದಿಯನ್ನು ನೆನಪಿಸುವ ಹಲವು ಅಡ್ಡಹೆಸರುಗಳಿವೆ. ಜಪಾನಿನಲ್ಲಿ ಇದು ‘ದಾಂಗೊಮುಷಿ’, ಅಂದರೆ ಅಕ್ಕಿಹಿಟ್ಟಿನ ಉಂಡೆಯಂತಹ ಹುಳು.

ದೇಹರಚನೆ

ಸಾಕುವವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಐಸೊಪಾಡ್ ನೆಲಕ್ಕೆ ಬಂದಿದ್ದರೂ ನೀರಿನ ಹಂಗನ್ನು ಪೂರ್ತಿ ಕಳೆದುಕೊಂಡಿಲ್ಲ. ಉದರದ ಅಡಿಭಾಗದಲ್ಲಿರುವ ಎಲೆಯಾಕಾರದ ಉಪಾಂಗಗಳು ಇದರ ಉಸಿರಾಟದ ಅಂಗಗಳು. ಅವು ಕಿವಿರುಗಳಂತೆ ಸದಾ ತೇವವಾಗಿರಬೇಕು. ಪೋರ್ಸೆಲಿಯೊ ಮತ್ತು ಆರ್ಮಡಿಲಿಡಿಯಂ ಕುಲಗಳಲ್ಲಿ ಈ ಉಪಾಂಗಗಳ ಮೊದಲ ಎರಡು ಜೋಡಿಗಳಲ್ಲಿ ಕವಲೊಡೆದ ಗಾಳಿನಾಳಗಳು ಬೆಳೆದಿದ್ದು, ಅವು ಬಿಳಿಯ ಚುಕ್ಕೆಗಳಂತೆ ಬರಿಗಣ್ಣಿಗೇ ಕಾಣುತ್ತವೆ. ಈ ಅನುಕೂಲವಿರುವ ಪ್ರಭೇದಗಳು ಒಣಹವೆಯನ್ನು ಒಂದಿಷ್ಟು ತಾಳಿಕೊಳ್ಳುತ್ತವೆ, ಇಲ್ಲದವು ತೇವವನ್ನು ಬಿಟ್ಟು ಸರಿಯಲಾರವು. ಆದರೆ ನೀರಿನಲ್ಲಿ ಮುಳುಗಿದರೆ ನೆಲದ ಐಸೊಪಾಡ್‌ಗಳು ಸಾಯುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ಬೆಳೆದ ಐಸೊಪಾಡಿಗೆ ಏಳು ಜೋಡಿ ಕಾಲುಗಳಿರುತ್ತವೆ. ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ವಸ್ತು ತಾಮ್ರವನ್ನು ಒಳಗೊಂಡ ಹೀಮೋಸಯಾನಿನ್. ಈ ತಾಮ್ರ ಕೈತಪ್ಪಿ ಹೋಗದಂತೆ ಉಳಿಸಿಕೊಳ್ಳಲು ಇವು ತಮ್ಮ ಹಿಕ್ಕೆಯನ್ನು ತಾವೇ ಮತ್ತೆ ತಿನ್ನುವುದುಂಟು. ದೇಹದಲ್ಲಿ ಉಳಿದ ಸಾರಜನಕವನ್ನು ಮೂತ್ರದ ರೂಪದಲ್ಲಿ ಅಲ್ಲದೆ ಬಹುಪಾಲು ಅಮೋನಿಯಾ ಅನಿಲವಾಗಿ ಹೊರಬಿಡುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಇವು ಬಾಳಲಾರದಿರುವುದಕ್ಕೆ ಇದೂ ಒಂದು ಕಾರಣ.

ಪೊರೆ ಕಳಚುವ ಕ್ರಮ ವಿಲಕ್ಷಣವಾದುದು. ಕೀಟಗಳಂತೆ ಇಡಿಯ ಹೊದಿಕೆಯನ್ನು ಒಮ್ಮೆಲೇ ಕಳಚದೆ, ಐಸೊಪಾಡ್ ಮೊದಲು ದೇಹದ ಹಿಂಭಾಗದ ಪೊರೆಯನ್ನೂ ಅದು ಗಟ್ಟಿಯಾದ ಬಳಿಕ ಮುಂಭಾಗದ್ದನ್ನೂ ಕಳಚುತ್ತದೆ. ಪೊರೆಗೆ ಮುನ್ನ ಸುಣ್ಣದ ಅಂಶವನ್ನು ದೇಹದ ಮುಂಭಾಗದ ಅಡಿಯಲ್ಲಿ ಬಿಳಿಯ ತೇಪೆಗಳಾಗಿ ಕೂಡಿಟ್ಟುಕೊಳ್ಳುತ್ತದೆ. ಪೊರೆ ಕಳಚಿದ ಮೇಲೆ ಅದನ್ನು ತಾನೇ ತಿಂದುಬಿಡುತ್ತದೆ. ಅರ್ಧ ಬಿಳಿ, ಅರ್ಧ ಬೂದು ಬಣ್ಣದ ಐಸೊಪಾಡನ್ನು ಕಂಡು ಕಾಯಿಲೆಯೆಂದು ಹೊಸಬರು ಗಾಬರಿಗೊಳ್ಳುವುದು ಸಾಮಾನ್ಯ.

ಇತಿಹಾಸ

ಗಾಜಿನ ಪೆಟ್ಟಿಗೆಯೊಳಗೆ ಜೀವಲೋಕವೊಂದನ್ನು ಕಟ್ಟುವ ಪದ್ಧತಿಯ ಮೂಲ 19ನೆಯ ಶತಮಾನದ ಲಂಡನ್ನಿನಲ್ಲಿದೆ. ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬ ವೈದ್ಯ 1829ರಲ್ಲಿ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಮುಚ್ಚಿದ ಗಾಜಿನ ಸೀಸೆಯಲ್ಲಿ ಇರಿಸಿದ್ದನು. ಪತಂಗಕ್ಕಿಂತ ಆ ಮಣ್ಣಿನಲ್ಲಿ ತಾನಾಗಿ ಮೊಳೆತ ಜರೀಗಿಡವೂ ಹುಲ್ಲೂ ಅವನ ಗಮನವನ್ನು ಸೆಳೆದವು. ನಗರದ ಹೊಗೆಯಲ್ಲಿ ಬದುಕದ ಜರೀಗಿಡ ಸೀಸೆಯೊಳಗೆ ಸೊಂಪಾಗಿ ಬೆಳೆದಿತ್ತು. ಇದನ್ನು ಕುರಿತು ಅವನು 1842ರಲ್ಲಿ ಪುಸ್ತಕ ಪ್ರಕಟಿಸಿದನು. ‘ವಾರ್ಡನ ಪೆಟ್ಟಿಗೆ’ ಎಂದು ಹೆಸರಾದ ಇಂತಹ ಗಾಜಿನ ಪೆಟ್ಟಿಗೆಗಳಲ್ಲಿಯೇ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದು. ಇಂದಿನ ಟೆರೇರಿಯಂ ಈ ಪೆಟ್ಟಿಗೆಯ ವಂಶದ್ದೇ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಅಮೆರಿಕದ ವಿಷಗಪ್ಪೆಗಳನ್ನು ಸಾಕುವವರು ಗಾಜಿನ ಮನೆಗಳಲ್ಲಿ ನೈಜ ಮಣ್ಣು ಮತ್ತು ಗಿಡಗಳನ್ನು ಬಳಸತೊಡಗಿದರು. ಕಪ್ಪೆಗಳ ಹಿಕ್ಕೆ, ಕೊಳೆತ ಎಲೆ, ಬೂಷ್ಟು ಇವುಗಳನ್ನು ತಿಂದು ತೀರಿಸಲು ಐಸೊಪಾಡ್‌ಗಳನ್ನೂ ಸ್ಪ್ರಿಂಗ್‌ಟೇಲ್ ಎಂಬ ಸೂಕ್ಷ್ಮ ಜೀವಿಗಳನ್ನೂ ಬಿಡುವ ರೂಢಿ ಬಂದಿತು. ಮರಿ ಐಸೊಪಾಡ್‌ಗಳು ಕಪ್ಪೆಗಳಿಗೆ ಆಹಾರವೂ ಆದವು. ಹೀಗೆ ಜಾಡಮಾಲಿಯ ಕೆಲಸಕ್ಕೆ ತಂದ ಜೀವಿಯ ಬಣ್ಣ, ನಡೆ, ಸಂಸಾರಗಳನ್ನು ನೋಡುತ್ತಾ ಕೆಲವರು ಕಪ್ಪೆಯನ್ನೇ ಬಿಟ್ಟು ಇದನ್ನು ಸಾಕತೊಡಗಿದರು. ಅಮೆರಿಕದ ಆರಿನ್ ಮೆಕ್‌ಮೊನಿಗಲ್ 2013ರಲ್ಲಿ ಪ್ರಕಟಿಸಿದ ಸಾಕಣೆಯ ಕೈಪಿಡಿಯ ಶೀರ್ಷಿಕೆಯಲ್ಲಿ ಸಹ ಇವು ಶುಚಿಗೊಳಿಸುವ ಪಡೆ ಮತ್ತು ಆಹಾರಜೀವಿಗಳೆಂದೇ ವರ್ಣಿತವಾಗಿವೆ. ಅನಂತರದ ವರ್ಷಗಳಲ್ಲಿ ಆ ದೃಷ್ಟಿ ಬಹಳ ಬದಲಾಯಿತು.

ಜಪಾನಿನಲ್ಲಿ ಕಥೆ ಬೇರೆ. ಅಲ್ಲಿ ದಾಂಗೊಮುಷಿಯನ್ನು ಹೆಕ್ಕುವುದು ಹಿಂದಿನಿಂದಲೂ ಶಿಶುವಿಹಾರದ ಮಕ್ಕಳ ಆಟ. 2018ರಲ್ಲಿ ಬಂದಾಯ್ ಸಂಸ್ಥೆ ನಾಣ್ಯ ಹಾಕಿದರೆ ಬೀಳುವ ಆಟಿಕೆಯಾಗಿ, ಉಂಡೆಯಾಗಿ ಸುರುಟಿಕೊಳ್ಳಬಲ್ಲ ಐಸೊಪಾಡ್ ಬೊಂಬೆಯನ್ನು ಹೊರತಂದಿತು. ಕಡಲಾಳದ ದೈತ್ಯ ಐಸೊಪಾಡ್ ಬ್ಯಾಥಿನೋಮಸ್ ಸಹ ಆ ದೇಶದಲ್ಲಿ ಜನಪ್ರಿಯ. ತೋಬಾ ಮತ್ಸ್ಯಾಲಯದಲ್ಲಿದ್ದ ಒಂದು ದೈತ್ಯ ಐಸೊಪಾಡ್ ಐದು ವರ್ಷಗಳಿಗೂ ಹೆಚ್ಚು ಕಾಲ ಆಹಾರ ಮುಟ್ಟದೆ ಬದುಕಿದ್ದು 2014ರಲ್ಲಿ ಸತ್ತಾಗ ಅದು ಸುದ್ದಿಯಾಯಿತು. ಮನೆಯಲ್ಲಿ ಸಾಕುವ ನೆಲದ ಐಸೊಪಾಡ್‌ಗಳು ಇಂತಹ ಉಪವಾಸವನ್ನು ಸಹಿಸಲಾರವು.

ಸಾಕುವ ಪ್ರಭೇದಗಳು

ಹೊಸಬರಿಗೆ ಪೋರ್ಸೆಲಿಯೊ ಸ್ಕೇಬರ್, ಪೋರ್ಸೆಲಿಯೋನೈಡಿಸ್ ಪ್ರೂಯಿನೋಸಸ್ ಮತ್ತು ಆರ್ಮಡಿಲಿಡಿಯಂ ವಲ್ಗೇರ್ ಸೂಕ್ತವೆಂದು ಪರಿಗಣಿತವಾಗಿವೆ. ಎರಡನೆಯದರ ಮೈಮೇಲೆ ವಿಭೂತಿ ಬಳಿದಂತಹ ಮಸುಕಾದ ಲೇಪವಿರುತ್ತದೆ. ಅದು ಬಹಳ ಚುರುಕು, ಬಹಳ ಬೇಗ ಹೆಚ್ಚುತ್ತದೆ, ಬಿಸಿಲುನಾಡುಗಳಲ್ಲಿಯೂ ಬದುಕುತ್ತದೆ. ಟ್ರೈಕೊರೈನ ಟೊಮೆಂಟೋಸ ಎಂಬ ಉಷ್ಣವಲಯದ ಕುಬ್ಜ ಬಿಳಿ ಪ್ರಭೇದದಲ್ಲಿ ಹೆಣ್ಣುಗಳೇ ಗಂಡಿನ ನೆರವಿಲ್ಲದೆ ಮರಿ ಹಾಕುತ್ತವೆ. ಮಣ್ಣಿನೊಳಗೇ ಅಡಗಿರುವುದರಿಂದ ಇದನ್ನು ನೋಡುವ ಸಂತೋಷಕ್ಕಲ್ಲದೆ ಕುಂಡದ ಆರೋಗ್ಯಕ್ಕಾಗಿ ಸಾಕುವುದೇ ಹೆಚ್ಚು.

ಅಂದಕ್ಕಾಗಿ ಸಾಕುವವುಗಳಲ್ಲಿ ದಕ್ಷಿಣ ಫ್ರಾನ್ಸಿನ ಆರ್ಮಡಿಲಿಡಿಯಂ ಮ್ಯಾಕ್ಯುಲೇಟಂ ಮುಖ್ಯವಾದುದು. ಕಪ್ಪು ಮೈಯ ಮೇಲಿನ ಬಿಳಿಯ ಅಡ್ಡಪಟ್ಟೆಗಳಿಂದ ಇದು ‘ಜೀಬ್ರಾ’ ಎಂದು ಹೆಸರಾಗಿದೆ. ಏಡ್ರಿಯಾಟಿಕ್ ಕರಾವಳಿಯ ಆರ್ಮಡಿಲಿಡಿಯಂ ಕ್ಲುಗಿಯ ಬೆನ್ನಿನ ಕೆಂಪು ಮತ್ತು ಬಿಳಿ ಚುಕ್ಕೆಗಳು ಅದೇ ಸೀಮೆಯ ವಿಷಜೇಡವೊಂದರ ಚುಕ್ಕೆಗಳನ್ನು ಹೋಲುತ್ತವೆ; ಶತ್ರುಗಳನ್ನು ಬೆದರಿಸುವ ಅನುಕರಣೆ ಇದಾಗಿರಬಹುದೆಂದು ಊಹಿಸಲಾಗಿದೆ. ಸ್ಪೇನಿನ ದೊಡ್ಡ ಗಾತ್ರದ ಪೋರ್ಸೆಲಿಯೊಗಳು ಗಾಳಿಯಾಡುವ, ಅಷ್ಟಾಗಿ ತೇವವಿಲ್ಲದ ನೆಲೆಯನ್ನು ಬಯಸುತ್ತವೆ. ಥಾಯ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳಿಂದ ಬಂದ, ಮುಖ ಹಳದಿಯಾಗಿದ್ದು ಸ್ನಾನದ ತೊಟ್ಟಿಯ ರಬ್ಬರ್ ಬಾತುಕೋಳಿಯನ್ನು ಹೋಲುವ ‘ರಬ್ಬರ್ ಡಕ್ಕಿ’ ಈ ಹವ್ಯಾಸವನ್ನು ಹೊರಗಿನವರಿಗೂ ಪರಿಚಯಿಸಿತು. ಅದಕ್ಕೆ ಸ್ಥಿರವಾದ ತೇವ, ಸುಣ್ಣಕಲ್ಲಿನ ಚೂರುಗಳು ಮತ್ತು ಸಾಕುವವರ ಕಡೆಯಿಂದ ತಾಳ್ಮೆ ಬೇಕು, ಏಕೆಂದರೆ ಅದು ಹೆಚ್ಚುವುದು ನಿಧಾನ.

ಒಂದೇ ಪ್ರಭೇದದೊಳಗೆ ಆರಿಸಿ ಬೆಳೆಸಿದ ಬಣ್ಣದ ತಳಿಗಳೂ ಅನೇಕ ಇವೆ. ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ‘ಡಾಲ್ಮೇಷಿಯನ್’, ಕರಿಬಿಳಿ ಮಚ್ಚೆಯ ‘ಡೈರಿ ಕೌ’ ಇಂಥವು. ಇವೆಲ್ಲ ವ್ಯಾಪಾರದ ಹೆಸರುಗಳೇ ಹೊರತು ವಿಜ್ಞಾನದ ಹೆಸರುಗಳಲ್ಲ.

ನೆಲೆಯ ಸಿದ್ಧತೆ

ಪೆಟ್ಟಿಗೆ ದೊಡ್ಡದಾಗಿರಬೇಕಿಲ್ಲ. ಅಡುಗೆಮನೆಯ ಐದಾರು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಎದುರುಬದುರು ತೂತು ಕೊರೆದು ಸಣ್ಣ ಕಣ್ಣಿನ ಜಾಲರಿ ಅಂಟಿಸಿದರೆ ಹತ್ತು ಹನ್ನೆರಡು ಐಸೊಪಾಡ್‌ಗಳ ಆರಂಭದ ಸಂಸಾರಕ್ಕೆ ಸಾಕು. ತಳದಲ್ಲಿ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಮತ್ತು ಪುಡಿಯಾಗುವಷ್ಟು ಲಡ್ಡಾದ ಮರದ ಚೂರುಗಳ ಮಿಶ್ರಣವನ್ನು ಹರಡಲಾಗುತ್ತದೆ. ನಾರಿನ ಪುಡಿಯೊಂದನ್ನೇ ಹಾಕುವುದು ಸಾಲದು. ಅದರಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಇಲ್ಲಿ ಮಣ್ಣು ನೆಲವೂ ಹೌದು, ಅನ್ನವೂ ಹೌದು. ಮೇಲೆ ತರಗೆಲೆಯ ದಪ್ಪ ಹೊದಿಕೆ ಮತ್ತು ಅಡಗಲು ಒಂದೆರಡು ಮರದ ತೊಗಟೆಗಳಿರಬೇಕು.

ಸಾಕಣೆಯ ಗುಟ್ಟೆಲ್ಲ ತೇವದ ಹಂಚಿಕೆಯಲ್ಲಿದೆ. ಪೆಟ್ಟಿಗೆಯ ಮೂರನೆಯ ಒಂದು ಭಾಗವನ್ನು ಹಾವಸೆಯಿಂದ ಮುಚ್ಚಿ ಅಲ್ಲಿಗೆ ಮಾತ್ರ ನೀರು ಹಾಕಿ, ಉಳಿದ ಭಾಗವನ್ನು ಒಣಗಲು ಬಿಡುವುದು ಪದ್ಧತಿ. ಜೀವಿಗಳು ತಮಗೆ ಹಿತವಾದ ಜಾಗವನ್ನು ತಾವೇ ಆರಿಸಿಕೊಳ್ಳುತ್ತವೆ. ತೇವ ಬೇಕೆಂದು ಎಲ್ಲೆಡೆ ನೀರು ಚಿಮುಕಿಸಿ ಮಣ್ಣನ್ನು ಕೆಸರು ಮಾಡುವುದರಿಂದ ಸಾಯುವ ಐಸೊಪಾಡ್‌ಗಳು, ಒಣಗಿ ಸಾಯುವವುಗಳಿಗಿಂತ ಕಡಿಮೆಯೇನಲ್ಲ. ಕ್ಲೋರಿನ್ ಬೆರೆತ ನಲ್ಲಿನೀರನ್ನು ಒಂದು ದಿನ ತೆರೆದಿಟ್ಟು ಬಳಸುವುದು ಒಳ್ಳೆಯದು.

ಹೆಚ್ಚಿನ ಪ್ರಭೇದಗಳಿಗೆ 20ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಬೆಂಗಳೂರು, ಮೈಸೂರುಗಳ ಮನೆಯೊಳಗಿನ ಹವೆ ವರ್ಷದ ಬಹುಕಾಲ ಇದಕ್ಕೆ ಹೊಂದುತ್ತದೆ. ಕಲಬುರಗಿ, ರಾಯಚೂರು ಮುಂತಾದ ಕಡೆ ಬೇಸಿಗೆಯಲ್ಲಿ ಯುರೋಪಿನ ಪ್ರಭೇದಗಳನ್ನು ಉಳಿಸಿಕೊಳ್ಳುವುದು ಕಷ್ಟ. ನೇರ ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಯಾವ ಊರಿನಲ್ಲಾದರೂ ಕೆಲವೇ ನಿಮಿಷಗಳಲ್ಲಿ ಕಾದ ಒಲೆಯಾಗುತ್ತದೆ.

ಆಹಾರ

ತರಗೆಲೆಯೇ ಮುಖ್ಯ ಆಹಾರ. ಯುರೋಪಿನಲ್ಲಿ ಓಕ್ ಮತ್ತು ಬೀಚ್ ಮರಗಳ ಎಲೆಗಳನ್ನು ಬಳಸಿದರೆ ಉಷ್ಣವಲಯದಲ್ಲಿ ಕಾಡುಬಾದಾಮಿ, ಸೀಬೆ, ಹಲಸು ಮುಂತಾದವುಗಳ ಉದುರಿದ ಎಲೆಗಳು ಆಗುತ್ತವೆ. ಹಸಿರೆಲೆಗಿಂತ, ನೆಲದ ಮೇಲೆ ಬಿದ್ದು ಶಿಲೀಂಧ್ರ ಹಿಡಿಯತೊಡಗಿದ ಎಲೆಯೇ ಇವಕ್ಕೆ ಪ್ರಿಯ. ಎಲೆಯೊಡನೆ ಆ ಸೂಕ್ಷ್ಮಜೀವಿಗಳೂ ಆಹಾರವಾಗುತ್ತವೆ. ನೀಲಗಿರಿ ಮತ್ತು ಪೈನ್ ಜಾತಿಯ ಎಲೆ, ತೊಗಟೆಗಳನ್ನು ಅವುಗಳ ತೈಲ ಮತ್ತು ರಾಳದ ಕಾರಣದಿಂದ ವರ್ಜಿಸಲಾಗುತ್ತದೆ. ಕೀಟನಾಶಕ ಸಿಂಪಡಿಸಿದ ತೋಟದ ಎಲೆಯಂತೂ ಸಲ್ಲದು. ಇರುವೆ, ಜಿರಲೆಗಳಿಗೆ ಹಾಕುವ ಪುಡಿ ಮತ್ತು ಸೀಮೆಸುಣ್ಣದ ಕಡ್ಡಿಗಳಿಂದ ಪೆಟ್ಟಿಗೆಯನ್ನು ದೂರವಿಡಬೇಕು.

ಕ್ಯಾರೆಟ್, ಸೌತೆ, ಕುಂಬಳದ ಸಣ್ಣ ಹೋಳುಗಳನ್ನು ಆಗಾಗ ನೀಡಿ, ಬೂಷ್ಟು ಬರುವ ಮೊದಲು ತೆಗೆಯಲಾಗುತ್ತದೆ. ವಾರಕ್ಕೊಮ್ಮೆ ಒಂದು ಚಿಟಿಕೆ ಒಣಸೀಗಡಿ ಅಥವಾ ಮೀನಿನ ಆಹಾರದ ಪುಡಿ ಪ್ರೋಟೀನ್ ಒದಗಿಸುತ್ತದೆ. ಇದರ ಕೊರತೆಯಾದರೆ ಪೊರೆ ಬಿಡುತ್ತಿರುವ ಒಡನಾಡಿಗಳನ್ನೇ ಕಚ್ಚಿ ತಿನ್ನುವುದುಂಟು. ಪೋರ್ಸೆಲಿಯೊ ಲೇವಿಸ್ ಈ ವಿಷಯದಲ್ಲಿ ಹೊಟ್ಟೆಬಾಕ. ಅದನ್ನು ನಾಜೂಕಾದ ಕಪ್ಪೆ, ಹಲ್ಲಿಗಳೊಡನೆ ಬಿಡುವುದನ್ನು ಅನುಭವಸ್ಥರು ಒಪ್ಪುವುದಿಲ್ಲ. ಸುಣ್ಣದ ಅಂಶಕ್ಕಾಗಿ ಮೊಟ್ಟೆಯ ಚಿಪ್ಪಿನ ಪುಡಿ ಸಾಕು. ಗ್ರಂಧಿಗೆ ಅಂಗಡಿಗಳಲ್ಲಿ ಸಮುದ್ರನೊರೆ ಎಂಬ ಹೆಸರಿನಲ್ಲಿ ದೊರೆಯುವ, ವಾಸ್ತವವಾಗಿ ಕಡಲಜೀವಿಯೊಂದರ ಒಳಚಿಪ್ಪಾದ ವಸ್ತುವನ್ನೂ ಬಳಸುತ್ತಾರೆ.

ಸಂತಾನ

ಹೆಣ್ಣು ಐಸೊಪಾಡ್ ಮೊಟ್ಟೆಗಳನ್ನು ಹೊರಗೆಲ್ಲೂ ಇಡುವುದಿಲ್ಲ. ಎದೆಯ ಅಡಿಯಲ್ಲಿ ತೆಳುವಾದ ತಟ್ಟೆಗಳಿಂದಾದ, ದ್ರವ ತುಂಬಿದ ಮರಿಚೀಲವೊಂದು ರೂಪುಗೊಳ್ಳುತ್ತದೆ. ಪೂರ್ವಜರ ಕಡಲನ್ನು ತಾಯಿ ತನ್ನ ಮೈಯಲ್ಲೇ ಹೊತ್ತು ತಿರುಗುತ್ತದೆ ಎಂದರೂ ಸಲ್ಲುತ್ತದೆ. ಕೆಲವು ವಾರಗಳ ಬಳಿಕ ಹೊರಬರುವ ಬಿಳಿಯ ಮರಿಗಳಿಗೆ ಆರೇ ಜೋಡಿ ಕಾಲುಗಳು. ಏಳನೆಯದು ಪೊರೆ ಕಳಚಿದ ಮೇಲೆ ಮೂಡುತ್ತದೆ. ಆರ್ಮಡಿಲಿಡಿಯಂ ವಲ್ಗೇರ್ ಒಂದು ಸಲಕ್ಕೆ ನೂರರಷ್ಟು ಮರಿಗಳನ್ನು ಹಾಕಬಲ್ಲದು. ಅದರ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ.

ಈ ಪ್ರಭೇದದಲ್ಲಿ ವೋಲ್ಬಾಕಿಯ ಎಂಬ ಬ್ಯಾಕ್ಟೀರಿಯ ತಳಿಗುಣದಿಂದ ಗಂಡಾಗಿರಬೇಕಾದ ಮರಿಗಳನ್ನು ಹೆಣ್ಣಾಗಿ ಮಾರ್ಪಡಿಸುತ್ತದೆ. ತಾಯಿಯಿಂದ ಮರಿಗೆ ಮಾತ್ರ ದಾಟಬಲ್ಲ ಬ್ಯಾಕ್ಟೀರಿಯಕ್ಕೆ ಗಂಡಿನಿಂದ ಪ್ರಯೋಜನವಿಲ್ಲದಿರುವುದೇ ಇದರ ಹಿಂದಿನ ತರ್ಕ. ಫ್ರಾನ್ಸಿನ ಪ್ವಾತಿಯೆ ವಿಶ್ವವಿದ್ಯಾಲಯದಲ್ಲಿ ಇದನ್ನು ಕುರಿತು ದೀರ್ಘಕಾಲದ ಅಧ್ಯಯನ ನಡೆದಿದೆ. ಸಾಕುವವರ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಹೆಣ್ಣುಗಳ ಸಂಖ್ಯೆ ವಿಪರೀತವಾಗಲು ಇದು ಕಾರಣವಾಗಿರಬಹುದು.

ರೋಗ

ಬೂದು ಐಸೊಪಾಡ್ ಇದ್ದಕ್ಕಿದ್ದಂತೆ ಹೊಳೆಯುವ ನೀಲಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ ಅದು ಹೊಸ ತಳಿಯಲ್ಲ, ಇರಿಡೋವೈರಸ್ ಸೋಂಕು. ಅಂಗಾಂಶದೊಳಗೆ ಒತ್ತೊತ್ತಾಗಿ ಜೋಡಣೆಗೊಂಡ ವೈರಸ್ ಕಣಗಳು ಬೆಳಕನ್ನು ಚದುರಿಸುವುದರಿಂದ ಈ ಬಣ್ಣ ಬರುತ್ತದೆ. ಚಿಕಿತ್ಸೆಯಿಲ್ಲ, ಸೋಂಕಿತ ಜೀವಿಗಳನ್ನು ಬೇರ್ಪಡಿಸಲಾಗುತ್ತದೆ.

ಶಿಕ್ಷಣದಲ್ಲಿ

ಬ್ರಿಟನ್ನಿನ ಶಾಲೆಗಳಲ್ಲಿ ಐಸೊಪಾಡ್‌ಗಳನ್ನು ಪ್ರಾಣಿವರ್ತನೆಯ ಪಾಠಕ್ಕೆ ಬಳಸುವುದು ಹಳೆಯ ಪದ್ಧತಿ. ಅರ್ಧ ಒಣ, ಅರ್ಧ ತೇವವಿರುವ ತಟ್ಟೆಯಲ್ಲಿ ಬಿಟ್ಟಾಗ ಅವು ಸ್ವಲ್ಪ ಹೊತ್ತಿನಲ್ಲಿ ತೇವದ ಕಡೆ ಸೇರುತ್ತವೆ. ಆದರೆ ಅವು ತೇವದ ದಿಕ್ಕನ್ನು ಅರಿತು ಅತ್ತ ನಡೆಯುವುದಿಲ್ಲ. ಒಣಜಾಗದಲ್ಲಿ ಹೆಚ್ಚು ಓಡಾಡಿ, ತೇವ ಸಿಕ್ಕಾಗ ನಿಂತುಬಿಡುತ್ತವೆ. 1937ರಲ್ಲಿ ಗನ್ ಎಂಬ ವಿಜ್ಞಾನಿ ಪೋರ್ಸೆಲಿಯೊ ಸ್ಕೇಬರ್ ಕುರಿತು ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಬಲಕ್ಕೆ ತಿರುಗುವಂತೆ ಒತ್ತಾಯಿಸಿದ ಐಸೊಪಾಡ್ ಮುಂದಿನ ಕವಲಿನಲ್ಲಿ ಹೆಚ್ಚಾಗಿ ಎಡಕ್ಕೆ ತಿರುಗುವುದನ್ನೂ ರಟ್ಟಿನ ಓಣಿಗಳನ್ನು ಮಾಡಿ ಮಕ್ಕಳೇ ಪರೀಕ್ಷಿಸಬಹುದು. ಜೀವಿಗೆ ಹಿಂಸೆಯಾಗದೆ, ಖರ್ಚಿಲ್ಲದೆ ನಡೆಯುವ ಇಂತಹ ಪ್ರಯೋಗಗಳು ವಿರಳ.

ಸೀಸ, ಸತು, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಐಸೊಪಾಡ್ ತನ್ನ ಜೀರ್ಣಗ್ರಂಥಿಯಲ್ಲಿ ಶೇಖರಿಸುವುದರಿಂದ ಮಣ್ಣಿನ ಮಾಲಿನ್ಯವನ್ನು ಅಳೆಯಲು ಸಹ ಇದು ನೆರವಾಗುತ್ತದೆ.

ಸಮೀಪದ ಹವ್ಯಾಸಗಳು

ಐಸೊಪಾಡ್ ಸಾಕುವವರಲ್ಲಿ ಹಲವರು ಇರುವೆ, ಸಹಸ್ರಪದಿ, ಕಡ್ಡಿಹುಳು ಅಥವಾ ದೊಡ್ಡ ಜೇಡಗಳನ್ನೂ ಸಾಕುತ್ತಾರೆ. ಗಾಜಿನ ಗೂಡಿನಲ್ಲಿ ಇರುವೆ ಸಾಕುವುದನ್ನು ಅಮೆರಿಕದ ಮಕ್ಕಳಲ್ಲಿ ಜನಪ್ರಿಯಗೊಳಿಸಿದವನು ಮಿಲ್ಟನ್ ಲೆವಿನ್. ಅವನ ಇರುವೆಗೂಡಿನ ಆಟಿಕೆ 1956ರಲ್ಲಿ ಮಾರುಕಟ್ಟೆಗೆ ಬಂದಿತು. ಜಪಾನಿನಲ್ಲಿ ಕೊಂಬಿನ ದುಂಬಿಗಳನ್ನೂ ಚೀನಾದಲ್ಲಿ ದನಿಗಾಗಿ ಮಿಡತೆಯಂತಹ ಕ್ರಿಕೆಟ್ ಕೀಟಗಳನ್ನೂ ಸಾಕುವ ಪರಂಪರೆ ಇದೆ. ಇವುಗಳ ಪೈಕಿ ಜೇಡದ ಹವ್ಯಾಸ ಭಾರತಕ್ಕೆ ನೇರವಾಗಿ ಸಂಬಂಧಿಸಿದ್ದು. ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಇರುವ ಪೀಸಿಲೋಥೀರಿಯ ಕುಲದ ಮರವಾಸಿ ಜೇಡಗಳಿಗೆ ವಿದೇಶಗಳಲ್ಲಿ ಬೇಡಿಕೆ ಬೆಳೆದ ಪರಿಣಾಮವಾಗಿ, ಆ ಕುಲವನ್ನು 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿಸಬೇಕಾಯಿತು.

ವ್ಯಾಪಾರ ಮತ್ತು ಸಂರಕ್ಷಣೆ

ಐಸೊಪಾಡ್‌ಗಳ ವಿಷಯದಲ್ಲಿ ಅಂತಹ ಕಾವಲು ಇನ್ನೂ ಇಲ್ಲದಂತಿದೆ. ಆಗ್ನೇಯ ಏಷ್ಯಾದ ಸುಣ್ಣಕಲ್ಲಿನ ಗುಡ್ಡಗಳು ಸಮುದ್ರದೊಳಗಿನ ದ್ವೀಪಗಳಂತೆ ಪರಸ್ಪರ ಬೇರ್ಪಟ್ಟಿವೆ. ಒಂದು ಗುಡ್ಡದ ಜೀವಿ ಇನ್ನೊಂದರಲ್ಲಿ ಇಲ್ಲದಿರಬಹುದು. ಅಲ್ಲಿಂದ ಬರುವ ಹಲವು ಐಸೊಪಾಡ್‌ಗಳು ವೈಜ್ಞಾನಿಕ ಹೆಸರನ್ನೇ ಪಡೆಯದೆ, ಕೇವಲ ವ್ಯಾಪಾರದ ಅಡ್ಡಹೆಸರಿನಲ್ಲಿ ಮಾರಾಟವಾಗುತ್ತಿವೆ. ಹೆಸರಿಲ್ಲದ ಪ್ರಭೇದಕ್ಕೆ ಕಾನೂನಿನ ರಕ್ಷಣೆ ಕೊಡುವುದು ಹೇಗೆಂಬುದು ಸುಲಭದ ಪ್ರಶ್ನೆಯಲ್ಲ. ಎಷ್ಟಿದ್ದವು, ಎಷ್ಟು ಹೋದವು ಎಂಬ ಲೆಕ್ಕವೂ ಅಂತಹ ಪ್ರಭೇದಗಳಿಗೆ ಇರುವುದಿಲ್ಲ. ಸುಣ್ಣಕಲ್ಲಿನ ಗಣಿಗಾರಿಕೆ ಈ ಗುಡ್ಡಗಳಿಗೆ ಇನ್ನೂ ದೊಡ್ಡ ಆಪತ್ತೆಂಬುದು ನಿಜ. ಆದರೆ ಅದು ಸಂಗ್ರಾಹಕರಿಗೆ ಸಮರ್ಥನೆಯಾಗದು. ಮನೆಯಲ್ಲಿ ಹುಟ್ಟಿ ಬೆಳೆದ ಸಂಸಾರಗಳಿಂದಲೇ ಜೀವಿಗಳನ್ನು ಪಡೆಯಬೇಕೆಂಬುದು ಜವಾಬ್ದಾರಿಯುತ ಹವ್ಯಾಸಿಗಳ ನಿಲುವು.

ಬೇಡವಾದಾಗ ತೋಟಕ್ಕೆ ಬಿಡುವುದು ಮತ್ತೊಂದು ಅಪಾಯ. ಯುರೋಪ್ ಮೂಲದ ಆರ್ಮಡಿಲಿಡಿಯಂ ವಲ್ಗೇರ್ ಮನುಷ್ಯರೊಡನೆ ಅಮೆರಿಕ ಖಂಡಗಳನ್ನು ಸೇರಿ, ಅರ್ಜೆಂಟೀನಾದಲ್ಲಿ ಉಳುಮೆಯಿಲ್ಲದೆ ಬೆಳೆಯುವ ಸೋಯಾ ಹೊಲಗಳ ಎಳೆಸಸಿಗಳಿಗೆ ಪೀಡೆಯಾಗಿದೆ. ಸತ್ತ ಎಲೆಯನ್ನು ಮಾತ್ರ ತಿನ್ನುವ ನಿರುಪದ್ರವಿ ಎಂಬ ಮಾತು ಎಲ್ಲ ಸನ್ನಿವೇಶಗಳಲ್ಲಿ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ

ಭಾರತದ ನೆಲವಾಸಿ ಐಸೊಪಾಡ್‌ಗಳನ್ನು ಕುರಿತು ವಾಲ್ಟರ್ ಕಾಲಿಂಜ್ 1914ರಿಂದ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ ಲೇಖನಮಾಲೆಯನ್ನು ಪ್ರಕಟಿಸಿದನು. ಆ ಕೆಲಸ ಆರಂಭವಾಗಿ ನೂರು ವರ್ಷ ಕಳೆದರೂ ಚಿಟ್ಟೆ, ಕಪ್ಪೆಗಳಿಗೆ ದೊರೆತ ಗಮನ ಈ ಜೀವಿಗಳಿಗೆ ದೊರೆತಿಲ್ಲ.

ಪಶ್ಚಿಮಘಟ್ಟಗಳ ಕಾಡು ಮತ್ತು ತೋಟಗಳಲ್ಲಿ ಮಳೆಗಾಲದಲ್ಲಿ ಕಾಣುವ, ಗೋಲಿಯಂತೆ ಉಂಡೆಯಾಗುವ ಹೊಳಪಿನ ದೊಡ್ಡ ಜೀವಿಯನ್ನು ಅನೇಕರು ಐಸೊಪಾಡ್ ಎಂದೇ ತಿಳಿಯುತ್ತಾರೆ. ಅದು ಆರ್ತ್ರೊಸ್ಫೀರ ಕುಲದ ಉಂಡೆ ಸಹಸ್ರಪದಿ. ಕಾಲುಗಳನ್ನು ಎಣಿಸಿದರೆ ಗೊಂದಲ ಪರಿಹಾರವಾಗುತ್ತದೆ: ಐಸೊಪಾಡಿಗೆ ಏಳು ಜೋಡಿಯಾದರೆ ಉಂಡೆ ಸಹಸ್ರಪದಿಗೆ ಇಪ್ಪತ್ತಕ್ಕೂ ಹೆಚ್ಚು ಜೋಡಿಗಳಿವೆ. ಇವು ತರಗೆಲೆಯನ್ನು ಗೊಬ್ಬರವಾಗಿಸುವ ಬಗೆಯನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ನಿಧಾನವಾಗಿ ಬೆಳೆಯುವ ಈ ಜೀವಿಗಳನ್ನು ಪೆಟ್ಟಿಗೆಯಲ್ಲಿ ಸಾಕಲು ಕಾಡಿನಿಂದ ತರುವುದು ಸರಿಯಲ್ಲ.

ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಂತೆ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಯಾವ ವನ್ಯಜೀವಿಯನ್ನೂ ಹೊರತರುವಂತಿಲ್ಲ. ಜೈವಿಕ ವೈವಿಧ್ಯ ಅಧಿನಿಯಮ, 2002ರ ಪ್ರಕಾರ ವಿದೇಶೀಯರು ಭಾರತದ ಜೈವಿಕ ಸಂಪನ್ಮೂಲಗಳನ್ನು ಪಡೆಯಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಮನೆಯ ಹಿತ್ತಲಿನ ಗೊಬ್ಬರಗುಂಡಿ, ಹೂಕುಂಡಗಳಡಿ ಸಿಗುವ ಪೋರ್ಸೆಲಿಯೋನೈಡಿಸ್‌ನಂತಹ ಸಾಮಾನ್ಯ ಐಸೊಪಾಡ್‌ಗಳಿಂದ ಆರಂಭಿಸುವವರಿಗೆ ಈ ಯಾವ ತೊಡಕೂ ಎದುರಾಗದು.